ಸ್ಲೋ ಕುಕರಿನಲ್ಲಿ ಬಾರ್ಬೆಕ್ಯೂ ಪೋರ್ಕ್ ರಿಬ್ಸ್ ಮಾಡುವಾಗ ಮಾಂಸ ಪುಡಿಯಾಗದೆ, ಸಾಸ್ ನೀರಾಗದೆ ಇರಲು ಏನು ಮಾಡಬೇಕು?

ರಿಬ್ಸ್ (ಹಂದಿಯ ಪಕ್ಕೆಲುಬಿನ ಮಾಂಸ) ಮೇಲೆ ಒಂದು ಬಾಟಲಿ ಸಾಸ್ ಮತ್ತು ಒಂದು ಲೋಟ ನೀರು ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಲೋ ಕುಕರಿನಲ್ಲಿ (ಕಡಿಮೆ ಶಾಖದಲ್ಲಿ ಹಲವು ಗಂಟೆ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆ) ಬೇಯಿಸಿದಾಗ ಮೂಳೆಗಳು ತಾವಾಗಿಯೇ ಕಳಚಿಕೊಂಡು, ಸಾಸ್ ತೆಳ್ಳಗಾಗಿ, ರುಚಿಯು ನೀರಿನಲ್ಲಿ ಕುದಿಸಿದ ಮಾಂಸದಂತಾಯಿತು ಎಂದು ನೀವು ಬರೆದಿದ್ದೀರಿ. ಈ ಅಡುಗೆಯನ್ನು ನಾನು ಬಹಳ ಕಾಲದಿಂದ ಮಾಡುತ್ತ ಬಂದಿದ್ದೇನೆ. ಸ್ಲೋ ಕುಕರಿಗೆ ಮಾಂಸವನ್ನು ಮೆದುವಾಗಿಸುವ ಕೆಲಸವನ್ನು ಮಾತ್ರ ಒಪ್ಪಿಸಬೇಕು. ಸಾಸನ್ನು ಹಿಡಿಸುವ, ಮೇಲ್ಭಾಗವನ್ನು ಕೆಂಪಗೆ ಕಂದಿಸುವ ಕೆಲಸವನ್ನು ಕೊನೆಯಲ್ಲಿ ಓವನ್‌ಗೋ ಕೆಂಡಕ್ಕೋ ಬಿಡಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದಕ್ಕೆ ಕಾರಣ ಸರಳವಾಗಿದೆ. ಪಕ್ಕೆಲುಬಿನ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನ ಅಂಶ ಹೇರಳವಾಗಿರುತ್ತದೆ. ತೇವದ ಶಾಖದಲ್ಲಿ ಹಲವು ಗಂಟೆಗಳ ಕಾಲ ಇದ್ದಾಗ ಅದು ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ, ಬಾಯಲ್ಲಿ ಕರಗುವಂಥ ಮೃದುತ್ವ ಬರುವುದು ಅದರಿಂದಲೇ. ಹಂದಿ ಮಾಂಸದ ಇಡೀ ತುಂಡುಗಳನ್ನು ಒಳಗಿನ ಉಷ್ಣತೆ 63 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಮೂರು ನಿಮಿಷ ಬಿಟ್ಟರೆ ಸುರಕ್ಷಿತವಾಗಿ ತಿನ್ನಬಹುದು. ಆದರೆ ರಿಬ್ಸ್ ಆ ಹಂತದಲ್ಲಿ ಅಗಿಯಲಾರದಷ್ಟು ಬಿರುಸಾಗಿರುತ್ತದೆ, 90 ಡಿಗ್ರಿಯ ಆಸುಪಾಸಿಗೆ ಬಂದಾಗಲೇ ಹದಕ್ಕೆ ಬರುತ್ತದೆ. ಇಷ್ಟನ್ನು ಸ್ಲೋ ಕುಕರ್ ಬಹಳ ಚೆನ್ನಾಗಿ ಮಾಡುತ್ತದೆ. ಆದರೆ ಮುಚ್ಚಳ ಹಾಕಿದ, ಹಬೆ ತುಂಬಿದ ಪಾತ್ರೆಯೊಳಗೆ ಶಾಖವು 100 ಡಿಗ್ರಿಯನ್ನು ದಾಟುವುದಿಲ್ಲ; ಮಾಂಸದ ಮೇಲ್ಭಾಗ ಕಂದಿ ಸುಟ್ಟ ಪರಿಮಳ ಹುಟ್ಟಬೇಕಾದರೆ ಒಣಗಿದ ಮೇಲ್ಮೈಯೂ ಅದಕ್ಕಿಂತ ಬಹಳ ಹೆಚ್ಚಿನ ಬಿಸಿಯೂ ಬೇಕು. ಆದ್ದರಿಂದ ಕುಕರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಬಾರ್ಬೆಕ್ಯೂವಿನ ಗುಣ ಬರಲಾರದು, ಮಾಂಸ ಮಾತ್ರ ಪುಡಿಯಾಗುತ್ತದೆ.

ಮೊದಲು ಮಾಂಸದ ವಿಚಾರ. ಬೆನ್ನುಮೂಳೆಗೆ ಹತ್ತಿರದ ಬೇಬಿ ಬ್ಯಾಕ್ ರಿಬ್ಸ್ ಗಿಡ್ಡವಾಗಿದ್ದು, ಕೊಬ್ಬು ಕಡಿಮೆಯಿರುವುದರಿಂದ ಬೇಗ ಬೇಯುತ್ತದೆ. ಹೊಟ್ಟೆಯ ಕಡೆಯ ಸ್ಪೇರ್ ರಿಬ್ಸ್ ಉದ್ದವಾಗಿದ್ದು, ಕೊಬ್ಬೂ ನಾರೂ ಹೆಚ್ಚಿರುತ್ತವೆ. ಸಮಯ ಹೆಚ್ಚು ಬೇಕಾದರೂ ಸ್ಲೋ ಕುಕರಿಗೆ ನಾನು ಇದನ್ನೇ ಇಷ್ಟಪಡುತ್ತೇನೆ, ಏಕೆಂದರೆ ಅರ್ಧ ಗಂಟೆ ಹೆಚ್ಚು ಬೆಂದರೂ ಒಣಗುವುದಿಲ್ಲ.

ಅನೇಕರು ಬಿಟ್ಟುಬಿಡುವ ಒಂದು ಕೆಲಸವೆಂದರೆ ಮೂಳೆಯ ಬದಿಯಲ್ಲಿರುವ ಪೊರೆಯನ್ನು ತೆಗೆಯುವುದು. ರಿಬ್ಸ್‌ನ ಇಡೀ ಪಟ್ಟಿಯನ್ನು ಮಗುಚಿ ಹಾಕಿದರೆ ಮೂಳೆಗಳ ಮೇಲೆ ಬಿಗಿಯಾಗಿ ಹರಡಿಕೊಂಡಿರುವ ಬಿಳಿಚಾದ, ಹೊಳೆಯುವ ತೆಳು ಪದರ ಕಾಣುತ್ತದೆ. ಎಷ್ಟು ಬೇಯಿಸಿದರೂ ಅದು ರಬ್ಬರಿನಂತೆಯೇ ಉಳಿಯುತ್ತದೆ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ತುದಿಯಿಂದ ಎರಡನೆಯ ಮೂಳೆಯ ಮೇಲೆ ಮೊಂಡು ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಬೆರಳು ಹೋಗುವಷ್ಟು ಎತ್ತಿಕೊಳ್ಳಿರಿ. ಅದು ಜಾರುವುದರಿಂದ ಬರಿಗೈಯಲ್ಲಿ ಹಿಡಿಯಲು ಆಗದು. ಪೇಪರ್ ಟವೆಲ್‌ನಿಂದ ಬಿಗಿಯಾಗಿ ಹಿಡಿದು ನಿಧಾನವಾಗಿ ಎಳೆದರೆ ಬಹುಮಟ್ಟಿಗೆ ಒಂದೇ ಹಾಳೆಯಾಗಿ ಸುಲಿದು ಬರುತ್ತದೆ.

ಮಸಾಲೆಗೆ, ಒಂದು ಕಿಲೋ ರಿಬ್ಸ್‌ಗೆ ಎರಡು ಟೀ ಚಮಚ ಪುಡಿ ಉಪ್ಪು, ಎರಡು ದೊಡ್ಡ ಚಮಚ ಬ್ರೌನ್ ಶುಗರ್, ಒಂದು ದೊಡ್ಡ ಚಮಚ ಹೊಗೆಯಾಡಿಸಿದ ಪಾಪ್ರಿಕಾ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಮತ್ತು ಸಾಸಿವೆ ಪುಡಿ ತಲಾ ಒಂದು ಟೀ ಚಮಚ ಸಾಕು. ಕುಕರಿನಲ್ಲಿ ಹೊಗೆಯೇ ಇಲ್ಲದಿರುವುದರಿಂದ ಆ ಪಾಪ್ರಿಕಾವನ್ನು ಬಿಡದಿರುವುದು ಒಳ್ಳೆಯದು. ಇವನ್ನು ಎರಡೂ ಬದಿಗೆ ತಿಕ್ಕಿ, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟರೆ ಉಪ್ಪು ಒಳಗಿನವರೆಗೂ ಇಳಿಯುತ್ತದೆ. ಫ್ರೀಜರಿನಿಂದ ತೆಗೆದ ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಸ್ಲೋ ಕುಕರಿಗೆ ಹಾಕಲೇಬಾರದು. ಅದು ಬಿಸಿಯಾಗಲು ತೆಗೆದುಕೊಳ್ಳುವ ದೀರ್ಘ ಸಮಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ.

ಇನ್ನು ನೀರು. ಮಾಂಸವೇ ಸಾಕಷ್ಟು ರಸ ಬಿಡುತ್ತದೆ, ಮುಚ್ಚಳದಿಂದ ಹಬೆ ಹೊರಗೆ ಹೋಗುವುದೂ ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ತಳಕ್ಕೆ ಕಾಲು ಕಪ್ ಸೇಬಿನ ವಿನೆಗರ್ ಅಥವಾ ಸೇಬಿನ ರಸ ಹಾಕಿದರೆ ಸಾಕು. ನಿಮ್ಮ ಸಾಸ್ ನೀರಾಗಿದ್ದು ಆ ಒಂದು ಲೋಟ ನೀರು ಮತ್ತು ಮಾಂಸದ ರಸ ಎರಡೂ ಅದರಲ್ಲಿ ಸೇರಿಕೊಂಡದ್ದರಿಂದ. ಪಟ್ಟಿಯನ್ನು ಮೂರು ನಾಲ್ಕು ಮೂಳೆಗಳ ತುಂಡುಗಳಾಗಿ ಕತ್ತರಿಸಿ ಒಂದರ ಮೇಲೊಂದು ಪೇರಿಸುವ ಬದಲು, ಮಾಂಸದ ಬದಿ ಹೊರಕ್ಕೆ ಬರುವಂತೆ ಪಾತ್ರೆಯ ಗೋಡೆಗೆ ಒರಗಿಸಿ ನಿಲ್ಲಿಸಿರಿ. ಆಗ ಗೋಡೆಯ ಬಿಸಿ ಮಾಂಸಕ್ಕೆ ತಾಗುತ್ತದೆ, ಬಹುಭಾಗ ರಸದಲ್ಲಿ ಮುಳುಗದೆ ಹಬೆಯಲ್ಲಿ ಬೇಯುತ್ತದೆ.

ಬೇಬಿ ಬ್ಯಾಕ್‌ಗೆ ಕುಕರಿನ ‘ಲೋ’ (ಕಡಿಮೆ ಶಾಖ) ಗುರುತಿನಲ್ಲಿ ಐದರಿಂದ ಆರು ಗಂಟೆ, ಸ್ಪೇರ್ ರಿಬ್ಸ್‌ಗೆ ಆರರಿಂದ ಎಂಟು ಗಂಟೆ ಬೇಕಾಗುತ್ತದೆ, ‘ಹೈ’ನಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಸಮಯವಿದ್ದರೆ ‘ಲೋ’ವನ್ನೇ ಆರಿಸಿಕೊಳ್ಳಿರಿ. ಆದರೆ ‘ಲೋ’ ಎಂದಮಾತ್ರಕ್ಕೆ ಎಷ್ಟು ಹೊತ್ತಾದರೂ ಬಿಡಬಹುದು ಎಂದು ತಿಳಿಯಬಾರದು. ಇಂದಿನ ಹಲವು ಕುಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಶಾಖ ಹೆಚ್ಚುಕಡಿಮೆ ಒಂದೇ, ಅದನ್ನು ಮುಟ್ಟಲು ಹಿಡಿಯುವ ಸಮಯ ಮಾತ್ರ ಬೇರೆ. ನಡುನಡುವೆ ಮುಚ್ಚಳ ತೆಗೆದರೆ ಕೂಡಿದ ಬಿಸಿ ಹೊರಟುಹೋಗಿ, ಪ್ರತಿ ಸಲವೂ ಇಪ್ಪತ್ತು ನಿಮಿಷದಷ್ಟು ಹಿಂದೆ ಬೀಳುತ್ತದೆ.

ಕನಿಷ್ಠ ಅವಧಿ ಮುಗಿಯುವ ಹೊತ್ತಿಗೆ ಒಮ್ಮೆ ನೋಡಿರಿ. ಮಾಂಸವು ಮೂಳೆಯ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿದಿರಬೇಕು. ಎರಡು ಮೂಳೆಗಳ ನಡುವೆ ಚುಚ್ಚಿದ ಕಡ್ಡಿ ತಡೆಯಿಲ್ಲದೆ ಇಳಿಯಬೇಕು. ಒಂದು ಮೂಳೆಯನ್ನು ಹಿಡಿದು ಮೆಲ್ಲಗೆ ತಿರುಗಿಸಿದರೆ ಅದು ಅಲುಗಬೇಕು, ಆದರೆ ಕೈಗೆ ಕಿತ್ತು ಬರಬಾರದು. ಈ ಹಂತದಲ್ಲಿಯೇ ಹೊರಗೆ ತೆಗೆಯಬೇಕು, ಏಕೆಂದರೆ ಓವನ್ನಿನಲ್ಲಿ ಅದು ಇನ್ನೂ ಸ್ವಲ್ಪ ಬೇಯುವುದಿದೆ. ಅಗಲವಾದ ಚಪ್ಪಟೆ ಸಟುಗದಿಂದ ತಳಕ್ಕೆ ಆಧಾರ ಕೊಟ್ಟು ಎತ್ತಿ, ಫಾಯಿಲ್ ಹಾಸಿದ ಟ್ರೇ ಮೇಲೆ ಮಾಂಸದ ಬದಿ ಮೇಲಾಗಿ ಇರಿಸಿ, ಹತ್ತು ನಿಮಿಷ ಹಾಗೆಯೇ ಬಿಡಿರಿ. ಅಷ್ಟರಲ್ಲಿ ಮಾಂಸ ಸ್ವಲ್ಪ ಬಿಗಿದುಕೊಂಡು, ಮೇಲ್ಭಾಗ ಆರಿ, ಸಾಸ್ ಜಾರದೆ ಹಿಡಿಯುವಂತಾಗುತ್ತದೆ.

ಪಾತ್ರೆಯಲ್ಲಿ ಉಳಿದ ರಸವನ್ನು ಚೆಲ್ಲಬೇಡಿರಿ. ಅದನ್ನು ಸೋಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು, ಬಾಣಲೆಯಲ್ಲಿ ಕಾಲು ಭಾಗಕ್ಕೆ ಇಳಿಯುವವರೆಗೆ ಕುದಿಸಿ ನಿಮ್ಮ ಸಾಸಿಗೆ ಬೆರೆಸಿದರೆ, ಅಂಗಡಿಯ ಬಾಟಲಿಯ ಸಾಸಿಗೂ ಮಾಂಸದ ಸತ್ವ ಕೂಡುತ್ತದೆ. ಉಪ್ಪು ಹೆಚ್ಚಾಗದಂತೆ ರುಚಿ ನೋಡುತ್ತಾ ಸ್ವಲ್ಪಸ್ವಲ್ಪವೇ ಬೆರೆಸಿರಿ. ಈಗ ಸಾಸನ್ನು ತೆಳ್ಳಗೆ ಬಳಿದು, ಓವನ್ನಿನ ಮೇಲಿನ ಗ್ರಿಲ್ ಹೊತ್ತಿಸಿ, ಅದರಿಂದ ಹದಿನೈದು ಸೆಂಟಿಮೀಟರ್ ಕೆಳಗೆ ಮೂರು ನಾಲ್ಕು ನಿಮಿಷ ಇಡಿರಿ. ಅಂಚುಗಳಲ್ಲಿ ಗುಳ್ಳೆಯೆದ್ದು ಅಲ್ಲಲ್ಲಿ ಕಪ್ಪಾಗತೊಡಗಿದಾಗ ಹೊರತೆಗೆದು ಇನ್ನೊಂದು ಪದರ ಬಳಿದು ಮತ್ತೆ ಇಡಿರಿ. ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕರಕಲಾಗುತ್ತದೆ, ಓವನ್ನಿನ ಮುಂದಿನಿಂದ ಕದಲಬಾರದು. ಗ್ರಿಲ್ ಇಲ್ಲದಿದ್ದರೆ 230 ಡಿಗ್ರಿಯ ಓವನ್ನಿನಲ್ಲಿ ಹತ್ತು ನಿಮಿಷ ಇಟ್ಟರೂ ನಡೆಯುತ್ತದೆ. ಕೆಂಡದ ಸೌಲಭ್ಯವಿದ್ದರಂತೂ ಅದಕ್ಕೆ ಸಾಟಿಯಿಲ್ಲ.

ಉಳಿದ ರಿಬ್ಸ್ ಅನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ಮತ್ತೆ ಬಿಸಿಮಾಡುವಾಗ ಸ್ಲೋ ಕುಕರ್ ಬಳಸದೆ, ಒಂದು ಚಮಚ ನೀರು ಚಿಮುಕಿಸಿ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ ಓವನ್ನಿನಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಇಡಿರಿ.