ಖಂಡಾಲಾ ಘಾಟಿನ ಬೆಟ್ಟ: ಹಗುರವಾಗಿ, ಕಡಿಮೆ ಖರ್ಚಿನಲ್ಲಿ

ನಮಸ್ಕಾರ ಸರ್. ನಿಮ್ಮ ಮಾದರಿ ರೈಲಿನ ಲೇಔಟಿಗೆ (ಹಲಗೆಯ ಮೇಲಿನ ಹಳಿ-ಬೆಟ್ಟಗಳ ಪುಟ್ಟ ಮಾದರಿ) ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸುರಿದು ಮಾಡಿದ ಬೆಟ್ಟ ಭಾರವಾಗಿ ಬಿರುಕು ಬಿಡುತ್ತಿದೆ, ಪುಣೆಯ ಸಣ್ಣ ಫ್ಲ್ಯಾಟಿನಲ್ಲಿ ಅದನ್ನು ಎತ್ತಿಡುವುದೂ ಕಷ್ಟ ಅಂದಿದ್ದೀರಿ. ದಪ್ಪ ಪಿಒಪಿ ಬೇಡವೇ ಬೇಡ. ಬಲ ಬರಬೇಕಾದದ್ದು ಒಳಗಿನ ಚೌಕಟ್ಟಿನಿಂದ.

ರಟ್ಟಿನ ಡಬ್ಬಗಳನ್ನು ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಬುಟ್ಟಿಯ ಹಾಗೆ ಹೆಣೆದು, ಪ್ಲೈವುಡ್ ಹಲಗೆಗೆ ಅಂಟಿಸಿ. ಅದರ ಮೇಲೆ ಹಳೆಯ ಕಾಟನ್ ಬಟ್ಟೆ ಅಥವಾ ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ತೆಳು ಪಿಒಪಿಯಲ್ಲಿ ಅದ್ದಿ ಎರಡು ಪದರ ಹೊದಿಸಿ. ಬಟ್ಟೆಯ ನೂಲೇ ಬಿರುಕು ತಡೆಯುತ್ತದೆ. ಪಿಒಪಿ ಬೇಗ ಬಿಗಿಯುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಮಳೆಗಾಲದಲ್ಲಿ ಪೂರ್ತಿ ಒಣಗುವವರೆಗೆ ಬಣ್ಣ ಹಚ್ಚಬೇಡಿ.

ಥರ್ಮಾಕೋಲ್ ಸೇರಿಸುವುದಾದರೆ ಅಂಟಿಸಲು ಬಿಳಿ ಫೆವಿಕಾಲ್ ಮಾತ್ರ. ಸಾಮಾನ್ಯ ಸ್ಪ್ರೇ ಪೇಂಟ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ.

ಸುರಂಗದ ಹಿಂಬದಿ ತೆರೆದಿರಲಿ. ಬೋಗಿ ಹಳಿ ತಪ್ಪಿದರೆ ಕೈ ಹೋಗಬೇಕು ಅಲ್ವಾ!

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಸಹ್ಯಾದ್ರಿಯ ಇಲ್ಲಿನ ಕಲ್ಲು ಬಸಾಲ್ಟ್, ಲಾವಾ ಪದರ ಪದರವಾಗಿ ಹರಿದು ಆದದ್ದು. ಹಾಗಾಗಿ ಪಿಒಪಿ ಹಸಿಯಿರುವಾಗಲೇ ಅಡ್ಡಡ್ಡ ಗೆರೆ ಕೆತ್ತಿ, ಮೆಟ್ಟಿಲುಮೆಟ್ಟಿಲಾಗಿ ಕಾಣಲಿ. ಚೂಪು ಹಿಮಶಿಖರ ಬೇಡ. ಕಪ್ಪು-ಕಂದು ಬಣ್ಣ ಹಚ್ಚಿ, ಅಂಚುಗಳ ಮೇಲೆ ಮಾತ್ರ ಒಣ ಬ್ರಷ್‌ನಿಂದ ತಿಳಿ ಬೂದು ಸವರಿ. ಚಪ್ಪಟೆ ಜಾಗಗಳಲ್ಲಿ ಹಸಿರು ಬಣ್ಣದ ಮರದ ಪುಡಿ ಉದುರಿಸಿ.

ಕರ್ಜತ್–ಲೋಣಾವಳ ನಡುವಿನ ಭೋರ್ ಘಾಟಿನ (ಖಂಡಾಲಾ ಇರುವ ಘಾಟಿ ಇದೇ) ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಮೇಲೇರುತ್ತದೆ. ನಿಮ್ಮ ಹಳಿಗೆ ಅದು ಮೀಟರಿಗೆ 2.7 ಸೆಂ.ಮೀ. ಆಗುತ್ತದೆ. ಅಲ್ಲಿ ನಿಜವಾದ ರೈಲುಗಳನ್ನೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳುತ್ತದೆ. ನೀವೂ ಉದ್ದ ರೈಲಿಗೆ ಎರಡನೇ ಎಂಜಿನ್ ಹಾಕಿ ನೋಡಿ.