ಸೂಪರ್ ಮಾರಿಯೋ ವಿಡಿಯೋ ಗೇಮ್ ಇವತ್ತಿಗೂ ನಿಜವಾಗಿ ಚೆನ್ನಾಗಿದೆಯಾ, ಇಲ್ಲ ಬರೀ ಬಾಲ್ಯದ ನೆನಪಾ?

ಬರೀ ನೆನಪಾಗಿದ್ದರೆ ಅದೇ ಗೇಮ್ ಕ್ಯಾಸೆಟ್‌ನಲ್ಲಿದ್ದ ಬೇರೆ ಆಟಗಳೂ ಹಾಗೇ ಅನ್ನಿಸಬೇಕಿತ್ತು. ಅವನ್ನು ಈಗ ಹತ್ತು ನಿಮಿಷ ಆಡೋಕಾಗಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಮುಂದೆ ಕೂತರೆ ಮಾತ್ರ ಈಗಲೂ ಏಳೋಕೆ ಮನಸ್ಸು ಬರಲ್ಲ.

ನಾನು ಮೂಡಿಗೆರೆ ಕಡೆಯವನು. ಮಳೆಗಾಲದಲ್ಲಿ ಎಲ್ಲೋ ತೋಟದಲ್ಲಿ ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಾಕು, ಕರೆಂಟ್ ಹೋಗೋದು. ಆ ಆಟದಲ್ಲಿ ಆಡಿದಷ್ಟನ್ನು ಉಳಿಸಿಡೋ ಸೇವ್ ಇಲ್ಲ. ಮೂರನೇ ವರ್ಲ್ಡ್ ಮುಟ್ಟಿದ್ದರೂ ಮತ್ತೆ 1-1, ಅಂದರೆ ಮೊದಲ ವರ್ಲ್ಡ್‌ನ ಮೊದಲ ಹಂತದಿಂದಲೇ ಶುರು. ಹಾಗಾಗಿ ಆ ಮೊದಲ ಹಂತ ನನಗೆ ನಮ್ಮನೆ ಅಂಗಳದಷ್ಟೇ ಪರಿಚಯ.

ಆಟದ ವಿನ್ಯಾಸಕರಾದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದನ್ನು ಹೇಗೆ ಕಟ್ಟಿದ್ದಾರೆ ನೋಡಿ. ಮೊದಲು ಎದುರಾಗೋದು ಗೂಂಬಾ ಅನ್ನೋ ಒಂದೇ ಒಂದು ಶತ್ರು (ನಾವು ಗೂಬೆ ಅಂತಿದ್ವಿ). ಮೇಲಿನ ಪ್ರಶ್ನೆ ಗುರುತಿನ ಡಬ್ಬಕ್ಕೆ ಗುದ್ದಿದರೆ ಬರುವ ಅಣಬೆ ಬಲಕ್ಕೆ ಜಾರಿ, ಪೈಪ್‌ಗೆ ಬಡಿದು, ನಮ್ಮ ಕಡೆಗೇ ವಾಪಸ್ ಬರುತ್ತೆ. ಅದೂ ಶತ್ರು ಅಂತ ಹೆದರಿ ತಪ್ಪಿಸಿಕೊಳ್ಳೋಕೆ ನೋಡಿದರೂ ಎಷ್ಟೋ ಸಲ ಬಂದು ತಗುಲುತ್ತೆ, ನಾವು ಆಡಿಸೋ ಮಾರಿಯೋ ದೊಡ್ಡವನಾಗ್ತಾನೆ. ಅಣಬೆ ಒಳ್ಳೇದು ಅಂತ ಗೊತ್ತಾಯ್ತಲ್ಲ! ಹಂತದ ಕೊನೆಗೆ ಎದುರುಬದುರು ಎರಡು ಮೆಟ್ಟಿಲು ಸಾಲು, ನಡುವೆ ಗಟ್ಟಿ ನೆಲ. ಬಿದ್ದರೂ ಜೀವ ಹೋಗಲ್ಲ. ಅದನ್ನು ದಾಟಿದ ಕೂಡಲೇ ಅಂಥದ್ದೇ ಇನ್ನೊಂದು ಜೋಡಿ. ಈ ಸಲ ನಡುವೆ ಗುಂಡಿ. ಕನ್ನಡ ಶಾಲೆಯ ಹುಡುಗನಿಗೆ ಇದಕ್ಕೆಲ್ಲ ಇಂಗ್ಲಿಷ್ ಅಕ್ಷರ ಒಂದೂ ಬೇಕಾಗಲಿಲ್ಲ.

ಇಡೀ ಆಟ 40 ಕಿಲೋಬೈಟ್, ಅದರಲ್ಲೇ 32 ಹಂತ. ಜಾಗ ಉಳಿಸೋಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ.

ಆದರೆ ನನ್ನ ಪ್ರಕಾರ ಅದರ ಜೀವ ಇರೋದು ನೆಗೆತದಲ್ಲಿ. ಬಟನ್ ಮುಟ್ಟಿ ಬಿಟ್ಟರೆ ಗಿಡ್ಡ ನೆಗೆತ, ಒತ್ತಿ ಹಿಡಿದರೆ ಎತ್ತರ. ಓಡಿಬಂದು ಹಾರಿದರೆ ಇನ್ನೂ ದೂರ. ಗಾಳಿಯಲ್ಲಿದ್ದಾಗಲೂ ಸ್ವಲ್ಪ ಹಿಂದೆ ಮುಂದೆ ಎಳೀಬಹುದು. ಗುಂಡಿಗೆ ಬಿದ್ದರೆ ತಪ್ಪು ನಮ್ಮ ಬೆರಳಿನದು ಅಂತ ಆ ಕ್ಷಣಕ್ಕೇ ತಿಳಿಯುತ್ತೆ, ಹಾಗಾಗಿಯೇ ಮತ್ತೆ ಆಡ್ತೀವಿ.

ದೀಪಾವಳಿಗೆ ಬಂದಿದ್ದ ತಂಗಿ ಮಗಳಿಗೆ ಏಳು ವರ್ಷ. ಅವಳಿಗೆ ಈ ಆಟದ ನೆನಪು ಎಲ್ಲಿಂದ ಬರಬೇಕು? ಏನೂ ಹೇಳಿಕೊಡದೆ ಕೈಗೆ ಕೊಟ್ಟೆ. ಎರಡನೇ ಮೆಟ್ಟಿಲ ಗುಂಡಿಗೆ ಎರಡು ಸಲ ಬಿದ್ದಳು. ಮೂರನೇ ಸಲ ತುದಿಯಲ್ಲಿ ನಿಂತು, ನಾಲ್ಕು ಹೆಜ್ಜೆ ಹಿಂದೆ ಇಳಿದು, ನೆಗೆಯುವಾಗ ತಾನೂ ಕುರ್ಚಿಯಿಂದ ಅರ್ಧ ಎದ್ದಳು.