ಗಂಬೆಲ್ಲಾದ ನೆಲ, ಬೆಂಗಳೂರಿನ ಕಂಪನಿ: ಒಂದು ಪ್ರಬಂಧಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

‘ಆಫ್ರಿಕಾದ ರಾಜಕೀಯ ಅಪಾಯ ಮತ್ತು ನಮ್ಮ ಉದ್ಯಮಿಗಳು’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಆದರೆ ಬೆಂಗಳೂರಿನ ಕರುಟೂರಿ ಗ್ಲೋಬಲ್ ಕಂಪನಿ 2010ರಲ್ಲಿ ಇಥಿಯೋಪಿಯಾದ ಗಂಬೆಲ್ಲಾ ಪ್ರಾಂತ್ಯದಲ್ಲಿ 1 ಲಕ್ಷ ಹೆಕ್ಟೇರ್ ಜಮೀನನ್ನು ಗುತ್ತಿಗೆಗೆ ಪಡೆದು, 2015ರ ಕೊನೆಯಲ್ಲಿ ಆ ಗುತ್ತಿಗೆ ರದ್ದಾದ ಪ್ರಕರಣವು ಕನ್ನಡದಲ್ಲಿ ಗಂಭೀರ ಚರ್ಚೆಗೆ ಬರಬೇಕಾದದ್ದು. ಆದ್ದರಿಂದ ಬರೀ ವಿಷಾದಪತ್ರ ಕಳಿಸದೆ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮುಖ್ಯ ತಕರಾರು ಇದು: ನಿಮ್ಮ ಬರಹದಲ್ಲಿ ರಾಜಕೀಯ ಅಪಾಯವೆಂಬುದು, ಎಂದರೆ ಸರ್ಕಾರದ ನಡೆಯಿಂದ ಹೂಡಿಕೆಗೆ ಒದಗಬಹುದಾದ ನಷ್ಟ, ಮಳೆಗಾಳಿಯಂತೆ ಎಲ್ಲಿಂದಲೋ ಬಂದು ಕಂಪನಿಯ ಮೇಲೆ ಎರಗುತ್ತದೆ. ಗಂಬೆಲ್ಲಾದ ಬಾರೋ ನದಿಯ ಪ್ರವಾಹ ಕಂಪನಿಯ ಮೆಕ್ಕೆಜೋಳವನ್ನು ನುಂಗಿದ್ದನ್ನೂ ಗುತ್ತಿಗೆ ರದ್ದಾದದ್ದನ್ನೂ ನೀವು ಒಂದೇ ಪಟ್ಟಿಯಲ್ಲಿ ಸೇರಿಸಿದ್ದೀರಿ. ಮೊದಲನೆಯದು ರಾಜಕೀಯ ಅಪಾಯವೇ ಅಲ್ಲ. ಎರಡನೆಯದು, ಕಂಪನಿಯೂ ಪ್ರಭುತ್ವವೂ ಕೂಡಿ ಕಟ್ಟಿಕೊಂಡ ಸಂಬಂಧವೊಂದು ಮುರಿದುಬಿದ್ದ ಬಗೆ. ಆ ಸಂಬಂಧದ ಒಳಗನ್ನು ತೋರಿಸುವುದೇ ನಿಮ್ಮ ಕೆಲಸವಾಗಿತ್ತು.

‘ಇಥಿಯೋಪಿಯಾ ಕೊಟ್ಟಿತು, ಇಥಿಯೋಪಿಯಾವೇ ಕಿತ್ತುಕೊಂಡಿತು’ ಎಂದು ಬರೆದಿದ್ದೀರಿ. ಯಾವ ಇಥಿಯೋಪಿಯಾ? 1995ರ ಸಂವಿಧಾನದ ಪ್ರಕಾರ ಅಲ್ಲಿನ ನೆಲ ಪ್ರಭುತ್ವದ ಮತ್ತು ಜನರ ಸ್ವತ್ತು. 5,000 ಹೆಕ್ಟೇರಿಗೂ ಮಿಕ್ಕ ಜಮೀನುಗಳನ್ನು ಹೂಡಿಕೆದಾರರಿಗೆ ಹಂಚುವ ಅಧಿಕಾರವನ್ನು ಪ್ರಾಂತ್ಯಗಳಿಂದ ಒಕ್ಕೂಟ ಸರ್ಕಾರದ ಕೃಷಿ ಸಚಿವಾಲಯ ತನ್ನ ಕೈಗೆ ತೆಗೆದುಕೊಂಡಿತ್ತು. ದೊಡ್ಡ ಗುತ್ತಿಗೆಗಳ ಕಾಲದ ಪ್ರಧಾನಿ ಮೆಲೆಸ್ ಜೆನಾವಿ 2012ರಲ್ಲಿ ತೀರಿಕೊಂಡರು. ಕೇಂದ್ರ, ಪ್ರಾಂತ್ಯ, ಆ ನೆಲದಲ್ಲಿ ಬಾಳುವ ಅನುವಾಕ್ ಸಮುದಾಯದ ಜನ, ಇವರ ನಡುವಿನ ಎಳೆದಾಟ ನಿಮ್ಮ ಮೂವತ್ತು ಪುಟಗಳಲ್ಲಿ ಒಂದು ಅಡಿಟಿಪ್ಪಣಿಗೆ ಇಳಿದಿದೆ. ಆ ನೆಲವನ್ನು ‘ಪಾಳು’ ಎಂದು ನೀವೂ ಕರೆದಿದ್ದೀರಿ. ಪಹಣಿಯಲ್ಲಿ ಖರಾಬು ಎಂದು ಬರೆದ ಜಾಗದಲ್ಲಿ ದನ ಮೇಯುವುದನ್ನು ಕಂಡ ನಮಗಾದರೂ ಈ ಮಾತಿನ ಮೇಲೆ ಅನುಮಾನ ಬರಬೇಕಿತ್ತು.

ಇನ್ನು ಸಿದ್ಧಾಂತ. ಅರ್ಥಶಾಸ್ತ್ರಜ್ಞ ರೇಮಂಡ್ ವರ್ನನ್ 1971ರಲ್ಲಿ ಮಂಡಿಸಿದ ವಾದವನ್ನು ನೀವು ‘ಅಪ್ರಚಲಿತಗೊಳ್ಳುತ್ತಿರುವ ಚೌಕಾಶಿ’ ಎಂದು ಅನುವಾದಿಸಿದ್ದೀರಿ. ‘ಹಳಸುವ ಚೌಕಾಶಿ’ ಎಂದರೆ ಸಾಕು, ಓದುಗನಿಗೆ ವಾಸನೆಯೇ ಅರ್ಥ ಹೇಳುತ್ತದೆ. ಹಣ ಹೂಡುವ ತನಕ ಕಂಪನಿಯ ಕೈ ಮೇಲೆ, ಹೂಡಿದ ಹಣ ನೆಲದಲ್ಲಿ ಹೂತ ಬಳಿಕ ಸರ್ಕಾರದ ಕೈ ಮೇಲೆ ಎಂಬುದು ಆ ವಾದ. ಟಾಂಜಾನಿಯಾದ ಚಿನ್ನದ ಗಣಿಗಳಿಗೆ ಇದು ಒಪ್ಪುತ್ತದೆ: ಅಂದಿನ ಅಧ್ಯಕ್ಷ ಮಗುಫುಲಿಯವರ ಸರ್ಕಾರ 2017ರಲ್ಲಿ ಗಣಿ ನಡೆಸುತ್ತಿದ್ದ ಅಕೇಶಿಯಾ ಕಂಪನಿಗೆ 19,000 ಕೋಟಿ ಡಾಲರ್ ತೆರಿಗೆಯ ಲೆಕ್ಕ ಕೊಟ್ಟು, ಕೊನೆಗೆ ಮಾತೃಸಂಸ್ಥೆ ಬ್ಯಾರಿಕ್ ಜೊತೆ 30 ಕೋಟಿ ಡಾಲರ್ ಮತ್ತು ಗಣಿಗಳಲ್ಲಿ ಶೇ. 16ರ ಪಾಲಿಗೆ ರಾಜಿಯಾಯಿತು. ಗಂಬೆಲ್ಲಾದಲ್ಲಿ ನಡೆದದ್ದು ಬೇರೆ. 1 ಲಕ್ಷ ಹೆಕ್ಟೇರಿನಲ್ಲಿ ಕಂಪನಿ ಕೃಷಿಗೆ ತಂದದ್ದು 1,200 ಹೆಕ್ಟೇರ್ ಮಾತ್ರ ಎಂಬುದು ರದ್ದತಿಗೆ ಸರ್ಕಾರ ಕೊಟ್ಟ ಕಾರಣ. ಆ ಮಾತು ನಿಜವಾದರೆ, ವಶಪಡಿಸಿಕೊಳ್ಳುವಂಥ ಲಾಭವೇ ಅಲ್ಲಿರಲಿಲ್ಲ. ಹಾಗಾಗಿ ನೀವು ನೆಚ್ಚಿದ ವರ್ನನ್ ಸಿದ್ಧಾಂತ ಇಲ್ಲಿ ಕೆಲಸ ಮಾಡುವುದಿಲ್ಲ. ಕಂಪನಿ ರದ್ದತಿಯನ್ನು ಒಪ್ಪಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ತೂಗಬೇಕು.

ತೂಗಲು ಆಧಾರಗಳು ಬೇಕು. ನಿಮ್ಮ ಉಲ್ಲೇಖಗಳಲ್ಲಿ ಹೆಚ್ಚಿನವು ಕಂಪನಿಯ ವಾರ್ಷಿಕ ವರದಿಗಳು ಮತ್ತು ಪತ್ರಿಕಾ ಸಂದರ್ಶನಗಳು. ಗುತ್ತಿಗೆ ಕರಾರನ್ನು ಓದಿ, ಯಾವ ಅವಧಿಯೊಳಗೆ ಎಷ್ಟು ಜಮೀನು ಹಸನು ಮಾಡಬೇಕೆಂಬ ಷರತ್ತು ಅಲ್ಲಿತ್ತೇ ಎಂದು ನೋಡಿ. ಅದೊಂದರಿಂದಲೇ ಪ್ರಬಂಧದ ಅರ್ಧ ವಾದ ಬದಲಾದೀತು. ಇದೇ ಕಂಪನಿಯ ಕೀನ್ಯಾದ ಗುಲಾಬಿ ತೋಟದ ಅಧ್ಯಾಯವನ್ನು ಸದ್ಯಕ್ಕೆ ಬಿಟ್ಟುಬಿಡಿ. ಅದು ತೆರಿಗೆಯ ಮತ್ತು ಸಾಲದ ಕಥೆ, ಬೇರೆಯೇ ಪ್ರಬಂಧವಾಗಲಿ.

ತಿದ್ದಿದ ಪ್ರತಿಯನ್ನು ಕಳಿಸಿದರೆ ಇಬ್ಬರು ಪರಿಶೀಲಕರಿಗೆ ಒಪ್ಪಿಸುತ್ತೇನೆ. ಶೀರ್ಷಿಕೆಯಲ್ಲಿ ‘ಆಫ್ರಿಕಾ’ ಬೇಡ, ‘ಗಂಬೆಲ್ಲಾ’ ಇರಲಿ.

ಇಂತು,
ಸಂಪಾದಕ